ಖುದ್ದು ಹೋಗಿ ನೋಡಲಾಗಿ

ಬಸ್ಸು ಹತ್ತುವ ಮೊದಲು ಅವರು ಬೋರ್ಡು ಓದುತ್ತಿದ್ದರು, ಕಂಡಕ್ಟರನ್ನು ಕೇಳುತ್ತಿದ್ದರು, ಡ್ರೈವರನ್ನು ಕೇಳುತ್ತಿದ್ದರು, ಕೊನೆಗೆ ಕಿಟಕಿಯ ಪಕ್ಕ ಕೂತ ಯಾರಾದರೊಬ್ಬ ಹೆಂಗಸನ್ನೂ ಕೇಳುತ್ತಿದ್ದರು. ಎಲ್ಲರೂ "ಅಜ್ಜಂಪುರಕ್ಕೇ ಹೋಗೋದು" ಎಂದರೆ ಸಮಾಧಾನವಾಗುವ ಬದಲು ಹುಬ್ಬು ಗಂಟಾಗುತ್ತಿತ್ತು. "ಎಲ್ರೂ ಒಂದೇ ಮಾತು ಹೇಳ್ತಾವ್ರೆ ಅಂದ್ರೆ ಮೊದ್ಲೇ ಮಾತಾಡ್ಕೊಂಡವ್ರೆ ಕಣ್ರೀ ಟೀಚರ್" ಎಂದು ನನ್ನ ಕಿವಿಯಲ್ಲಿ ಹೇಳಿ, ಆಮೇಲೆ ಹತ್ತುತ್ತಿದ್ದರು.

ತರೀಕೆರೆಯಲ್ಲಿ ಅವರು ಎಲ್ಲರಿಗೂ ಸರ್ವೆ ಸಾಹೇಬ್ರು. ಹೆಸರು ಬರೆಯುವುದಿಲ್ಲ. ಕೇಳದೆ ಹೆಸರು ಬಳಸಿದೆನೆಂದು ಗೊತ್ತಾದರೆ ಎಲ್ಲಿದ್ದರೂ ಆಕ್ಷೇಪಣೆ ಬರೆದು ಕಳಿಸುವ ಪೈಕಿ ಅವರು. ಕೆಲಸದಲ್ಲಿದ್ದಷ್ಟು ಕಾಲ ಕಡೂರು, ತರೀಕೆರೆ ಸೀಮೆಯ ಹೊಲಗದ್ದೆಗಳನ್ನು ಸರಪಳಿ ಹಿಡಿದು ಅಳೆದವರು. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. ಈ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ, ನಾನು ಕೂಡ ಫೋನ್ ಮಾಡಿದವರನ್ನು ಎರಡು ಸಲ ಕೇಳಿದೆ: "ನೀವೇ ಹೋಗಿ ನೋಡಿದ್ರಾ?" ಕೇಳಿದ ಮೇಲೆ ನಾಚಿಕೆಯಾಯಿತು. ಅವರ ರೋಗ ನನಗೂ ಅಂಟಿತ್ತು.

ಮೊದಲ ಭೇಟಿಯೇ ಅನುಮಾನದಿಂದ ಶುರುವಾದದ್ದು. ನಾನಿನ್ನೂ ಕೆಲಸದಲ್ಲಿದ್ದೆ. ಒಂಬತ್ತನೇ ತರಗತಿಯ ಹುಡುಗಿಯರನ್ನು ಪ್ರಕೃತಿ ಚಿತ್ರ ಬರೆಸಲು ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋಗಿದ್ದೆ. ರಸ್ತೆಯ ಪಕ್ಕದ ಪೊದೆಯೊಳಗೆ ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕೂತು, ಭೂತಗನ್ನಡಿ ಹಿಡಿದು, ಏನನ್ನೋ ನೋಡುತ್ತಿದ್ದ. ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದ ಯಾವ ಟೀಚರಿಗೂ ಒಳ್ಳೆಯ ಯೋಚನೆ ಬರುವ ದೃಶ್ಯವಲ್ಲ. ಕೊಡೆಯನ್ನು ದೊಣ್ಣೆಯಂತೆ ಹಿಡಿದು ಹತ್ತಿರ ಹೋದೆ.

"ಯಾರ್ರೀ ನೀವು? ಇಲ್ಲೇನ್ ಮಾಡ್ತಿದೀರಿ?"

ಅವರು ಎದ್ದು ನಿಂತು, ಮೊಣಕಾಲಿನ ಮಣ್ಣು ಕೊಡವಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವ್ಯಾರು? ಟೀಚರ್ ಅಂತ ಹೆಂಗ್ ನಂಬೋದು? ಗುರುತಿನ ಚೀಟಿ ಐತಾ?"

ಚೀಟಿ ತೋರಿಸಿದೆ. ಫೋಟೋವನ್ನೂ ನನ್ನ ಮುಖವನ್ನೂ ಮೂರು ಸಲ ಹೋಲಿಸಿ ನೋಡಿದ ಮೇಲೆ ಅವರಿಗೆ ಎಲ್ಲಿಲ್ಲದ ಸಂತೋಷವಾಯಿತು. ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. "ಸರಿ ಬಿಡಿ, ಸರ್ಕಾರಿ ನೌಕರ್ರು. ಈ ಹೂವ ನೋಡಿ. ನೋಡಿದ್ರಾ? ಇಲ್ಲೊಂದು ಸಹಿ ಹಾಕಿ."

ಆ ಪುಸ್ತಕದಲ್ಲಿ ಬರೆದದ್ದನ್ನು ಓದಿ ನಗು ತಡೆಯಲಾಗಲಿಲ್ಲ. ಮಹಜರು! ಸ್ಥಳಕ್ಕೆ ಹೋಗಿ, ಕಂಡದ್ದನ್ನು ಕಂಡಂತೆ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸುವ ಕಚೇರಿಯ ಕಾಗದ. ಜಮೀನಿಗೆ, ಬೇಲಿ ಜಗಳಕ್ಕೆ ಬರೆಯುವಂಥದ್ದನ್ನು ಇವರು ಒಂದು ಕಾಡುಹೂವಿಗೆ ಬರೆದಿದ್ದರು. 'ಖುದ್ದು ಸ್ಥಳಕ್ಕೆ ಹೋಗಿ ನೋಡಲಾಗಿ, ಬಳ್ಳಿಯಲ್ಲಿ ಹೂವು ಒಂದು. ದಳ ಆರು, ಮೇಲ್ಮುಖವಾಗಿ ಬಾಗಿದ್ದು, ತುದಿ ಕೆಂಪು, ಬುಡ ಹಳದಿ. ಚಕ್ಕುಬಂದಿ: ಪೂರ್ವಕ್ಕೆ ಮೋರಿ, ಪಶ್ಚಿಮಕ್ಕೆ ಹಳೇ ಗಣಿಯ ಕೆಂಪು ದಿಬ್ಬ, ಉತ್ತರಕ್ಕೆ ನೇರಳೆ ಮರ, ದಕ್ಷಿಣಕ್ಕೆ ರಸ್ತೆ.' ನಾಲ್ಕು ದಿಕ್ಕಿನ ಎಲ್ಲೆ ಹಾಕಿ ನಡುವೆ ಒಂದು ಗೌರಿ ಹೂವನ್ನು ಕೂರಿಸಿದ್ದರು. ಕೊನೆಯಲ್ಲಿ ಅವರ ಸಹಿ, ಅದರ ಕೆಳಗೆ ಸಾಕ್ಷಿಗಳಿಗೆ ಎರಡು ಸಾಲು.

"ಫೋಟೋ ತೆಗೆದರೆ ಮುಗೀತಲ್ಲ ಸರ್?" ಎಂದೆ.

"ಫೋಟೋ!" ಎಂದರು, ಹಲ್ಲಿನಲ್ಲಿ ಕಲ್ಲು ಸಿಕ್ಕವರಂತೆ. "ಇವತ್ತಿನ ಫೋಟೋಗೆ ಅಪ್ಪ ಯಾರು ಅಮ್ಮ ಯಾರು? ಕೈಯಾಗೆ ಬರ್ದಿದ್ದು, ಕಣ್ಣಾಗೆ ನೋಡಿದ್ದು, ಅಷ್ಟೇ ಕಣಮ್ಮಾ."

ಅವತ್ತಿನಿಂದ ನಾನು ಅವರ ನಕ್ಷೆ ಬರೆಯುವವಳಾದೆ. ಹೂವು ಸಿಕ್ಕರೆ ಕರೆ ಬರುತ್ತಿತ್ತು. ನಾನು ಪೆನ್ಸಿಲಿನಲ್ಲಿ ಹೂವನ್ನು ಬರೆಯುತ್ತಿದ್ದೆ, ಅವರು ಎಲ್ಲೆ ಬರೆಯುತ್ತಿದ್ದರು, ಎರಡನೇ ಸಾಕ್ಷಿಗೆ ದಾರಿಹೋಕರನ್ನು ಹಿಡಿಯುತ್ತಿದ್ದರು. ಕಾಟಿ, ಕಡವೆ, ಕೇಶಳಿಲು ಕಂಡರೂ ಇದೇ ಕ್ರಮ. ನವಿಲು ಹಾರಿಹೋದ ಮೇಲೆ ಸಾಕ್ಷಿ ಸಿಕ್ಕರೆ ಆ ಮಹಜರು ರದ್ದು. ನನಗೆ ಈ ಹುಚ್ಚಿನ ಬಗ್ಗೆ ಒಳಗೊಳಗೇ ಗುಮಾನಿ. ನಿವೃತ್ತಿಯಾದ ಸರ್ವೇಯರು ಬೆಟ್ಟದ ಬುಡದಲ್ಲಿ ಎಲ್ಲೆ ಬರೆದುಕೊಂಡು ತಿರುಗುತ್ತಾನೆಂದರೆ ಇದರ ಹಿಂದೆ ಯಾವ ರೆಸಾರ್ಟಿನವನಿದ್ದಾನೋ ಎಂದು ಬಹಳ ದಿನ ಕಣ್ಣಿಟ್ಟಿದ್ದೆ. ಯಾರೂ ಇರಲಿಲ್ಲ.

ಕಣ್ಣಿಟ್ಟವಳು ನಾನೊಬ್ಬಳೇ ಅಲ್ಲ. ಕಡೂರಿನ ಕಡೆಯ ಒಂದು ಹಳ್ಳಿಯಲ್ಲಿ ಬೇಲಿಯ ತಂಗಡಿ ಹೂವಿಗೂ ರಸ್ತೆಗೂ ನಡುವೆ ಟೇಪು ಹಿಡಿದಿದ್ದಾಗ ಹತ್ತು ಜನ ಸುತ್ತುವರಿದರಂತೆ. "ರೋಡ್ ಅಗ್ಲ ಮಾಡಕ್ ಬಂದಿದೀಯ? ಯಾರ್ ಕಳ್ಸಿದ್ದು ಹೇಳು" ಎಂದು ಕೂಡಿಸಿಕೊಂಡರಂತೆ. ಕೊನೆಗೆ ನನಗೆ ಫೋನ್ ಬಂತು.

"ಮೇಡಂ, ಈವಯ್ಯ ಹೂವ ಬರ್ಕೊತಿದೀನಿ ಅಂತಾನೆ. ಹೂವ ಬರ್ಕೊಳಕ್ಕೆ ಟೇಪ್ ಯಾಕ್ರೀ ಬೇಕು?"

ನ್ಯಾಯವಾದ ಪ್ರಶ್ನೆ. "ಅವರು ಹಾಗೇ, ಬಿಟ್ಟುಬಿಡಿ" ಎಂದೆ. ಬಿಡಿಸಿಕೊಂಡು ಬಂದ ಮೇಲೆ ಸಾಹೇಬರಿಗೆ ಹಳ್ಳಿಯವರ ಮೇಲೆ ಕೋಪವಿರಲಿಲ್ಲ, ಮೆಚ್ಚುಗೆಯಿತ್ತು. "ಹಂಗಿರ್ಬೇಕು ಜನ. ಯಾರೋ ಬಂದು ಏನೋ ಅಂದ್ರೆ ನಂಬ್ಬಿಡೋದಾ?" ಎಂದರು. ಮರುವಾರ ಅದೇ ಹಳ್ಳಿಗೆ ಹೋಗಿ, ಕೂಡಿಸಿಕೊಂಡವರಲ್ಲಿ ಇಬ್ಬರಿಂದ ಸಾಕ್ಷಿ ಸಹಿ ಹಾಕಿಸಿಕೊಂಡು ಬಂದರು.

ಗಂಗೋತ್ರಿಯ ಪ್ರಯಾಣ ಹೊರಟದ್ದೂ ಅವರ ಅಪನಂಬಿಕೆಯಿಂದಲೇ. ಅಜ್ಜಂಪುರದ ಈರುಳ್ಳಿ ಮಂಡಿಯ ಯಜಮಾನರೊಬ್ಬರು ವರ್ಷಕ್ಕೊಮ್ಮೆ ಯಾತ್ರೆಯ ಗುಂಪು ಕಟ್ಟುವವರು. ಬೆಳಗಿನ ವಾಕಿಂಗಿನಲ್ಲಿ ಸಿಕ್ಕಿ, ಗಂಗೆ ಹುಟ್ಟುವ ಗೋಮುಖದ ಹಿಮನದಿ ವರ್ಷವರ್ಷವೂ ಹಿಂದಕ್ಕೆ ಸರಿಯುತ್ತಿದೆ ಎಂದರು. ಸಾಹೇಬರು ನಿಂತುಬಿಟ್ಟರು.

"ಎಲ್ಲೆ ಹಿಂದಕ್ ಹೋಗ್ತೈತಾ? ಯಾರು ಅಳ್ದಿದ್ದು? ಬಾಂದು ಕಲ್ಲು ಎಲ್ ನೆಟ್ಟವ್ರೆ?"

"ಅದೆಲ್ಲ ನಂಗೇನ್ ಗೊತ್ತು ಸಾಹೇಬ್ರೇ? ಬಂದು ನೋಡ್ಕಳಿ" ಎಂದು ಮಂಡಿ ಯಜಮಾನರು ನಕ್ಕರು. ಪುಣ್ಯಕ್ಕಲ್ಲ, ದರ್ಶನಕ್ಕಲ್ಲ, ಒಂದು ಗಡಿ ಕದಲುತ್ತದೆಯೋ ಇಲ್ಲವೋ ನೋಡಿಕೊಂಡು ಬರಲು ಅರವತ್ತೆಂಟರ ಆ ಮನುಷ್ಯ ಕಡೂರಿನಲ್ಲಿ ನಮ್ಮ ಜೊತೆ ರೈಲು ಹತ್ತಿದರು. ಅವರ ಹೆಂಡತಿ ಮಂಡಿನೋವೆಂದು ಬರಲಿಲ್ಲ. ನನ್ನ ಮನೆಯವರು ಗಂಗೋತ್ರಿಯವರೆಗೆ ಬಂದು, ಅಲ್ಲಿಯ ಚಳಿಗೆ ಹೆದರಿ, ಹೋಟೆಲಿನಲ್ಲೇ ಕಂಬಳಿ ಹೊದ್ದು ಉಳಿದರು.

ಗಂಗೋತ್ರಿಯಿಂದ ಮುಂದೆ ನಡಿಗೆ. ಭಾಗೀರಥಿಯ ಪಕ್ಕದಲ್ಲೇ ಕಾಲುದಾರಿ. ಮಳೆ ಮುಗಿದ ಸಮಯ. ಬಂಡೆಗಳ ಸಂದಿಯಲ್ಲೆಲ್ಲ ಹೂವು. ಗೇಣುದ್ದದ ಕಡ್ಡಿಗೆ ಗುಲಾಬಿ ಬಣ್ಣದ ತೆನೆ ಹೊತ್ತವು, ನೆಲಕ್ಕೆ ಅಂಟಿಕೊಂಡ ಹಳದಿಯವು, ನಮ್ಮ ಸೇವಂತಿಗೆಯ ದೂರದ ನೆಂಟನಂತಿದ್ದ ನೇರಳೆಯವು. ಮರಗಳು ಕಡಿಮೆಯಾಗುತ್ತ ಹೋಗಿ, ತೊಗಟೆ ಕಾಗದದ ಹಾಗೆ ಸುಲಿಯುವ ಭೂರ್ಜ ಮರಗಳಷ್ಟೇ ಉಳಿದವು. ಸಾಹೇಬರು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಉಸಿರು ಸಾಲದೆ ನಿಲ್ಲುತ್ತಾರೋ ಹೂವಿಗೆ ನಿಲ್ಲುತ್ತಾರೋ ತಿಳಿಯುತ್ತಿರಲಿಲ್ಲ. ಕೇಳಿದರೆ "ಹೂವಿಗೇ" ಎನ್ನುತ್ತಿದ್ದರು. ಅದೂ ನನಗೆ ಅನುಮಾನವೇ. ಹಿಂದಿಯವರು ಹೂವಿಗೆ ಒಂದು ಹೆಸರು ಹೇಳಿದರೆ ಅದನ್ನು ಬರೆದುಕೊಂಡು ಪಕ್ಕದಲ್ಲಿ 'ಅವರು ಹೇಳಿದಂತೆ' ಎಂದು ಸೇರಿಸುತ್ತಿದ್ದರು.

ರಾತ್ರಿ ಭೋಜವಾಸದಲ್ಲಿ ತಂಗಿ, ಮರುದಿನ ಬೆಳಗ್ಗೆ ಗೋಮುಖಕ್ಕೆ ಹೊರಟೆವು. ಮಂಡಿ ಯಜಮಾನರೂ ಉಳಿದವರೂ ಬಿರಬಿರನೆ ಮುಂದೆ ಹೋದರು. ನಾವಿಬ್ಬರು ಹಿಂದೆ. ಕಲ್ಲಿನ ಮರೆಯಲ್ಲಿ ಒಂದು ನೇರಳೆ ಹೂವು ಸಿಕ್ಕಿತು. ನಾನು ಕೂತು ಬರೆಯತೊಡಗಿದೆ. ಅವರು ನಿಂತು ಎಲ್ಲೆ ಹೇಳಿಕೊಂಡು ಬರೆಯುತ್ತಿದ್ದರು. "ಪೂರ್ವಕ್ಕೆ ಹಿಮನದಿ, ಪಶ್ಚಿಮಕ್ಕೆ ನಾವು ಬಂದ ದಾರಿ, ಉತ್ತರಕ್ಕೆ ಗುಡ್ಡ, ದಕ್ಷಿಣಕ್ಕೆ..."

ಮಾತು ಅಲ್ಲಿಗೇ ನಿಂತಿತು. ಪೆನ್ಸಿಲು ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿ ತಲೆ ಎತ್ತಿದೆ.

ಅವರು ಹೊಳೆಯ ಆಚೆ ದಡದ ಇಳಿಜಾರನ್ನು ನೋಡುತ್ತಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. ಒಂದು ಕೈ ಮೆಲ್ಲಗೆ ಮೇಲೆ ಹೋಗಿ, ಉಣ್ಣೆಯ ಟೋಪಿಯನ್ನು ತೆಗೆದು, ಎದೆಗೆ ಒತ್ತಿಕೊಂಡಿತು. ನನ್ನ ಜೀವ ಹಾರಿಹೋಯಿತು. ಎತ್ತರದಲ್ಲಿ ಗಾಳಿ ಸಾಲದೆ ಎದೆ ಹಿಡಿದುಕೊಂಡು ಕುಸಿದವರ ಕಥೆಗಳನ್ನು ಹಿಂದಿನ ಸಂಜೆಯಷ್ಟೇ ಕೇಳಿದ್ದೆ. ಎದ್ದು ಓಡಿ ಅವರ ತೋಳು ಹಿಡಿದೆ. "ಸಾಹೇಬ್ರೇ, ಏನಾಗ್ತಿದೆ? ಕೂತ್ಕೊಳ್ಳಿ, ಕೂತ್ಕೊಳ್ಳಿ!" ಎಂದು ಅವರ ಮುಖವನ್ನೇ ನೋಡುತ್ತ ಕೂಗಿದೆ. ಅವರ ಕಣ್ಣಲ್ಲಿ ನೀರು ತುಂಬಿ ಇಳಿಯಿತು.

"ಅಲ್ಲಿ" ಎಂದರು ಕೊನೆಗೆ.

ತಿರುಗಿ ನೋಡಿದೆ. ಆಚೆ ದಡದಲ್ಲಿ ಬೆಟ್ಟದ ಕುರಿಗಳ ಹಿಂಡೊಂದು ಚೆಲ್ಲಾಪಿಲ್ಲಿಯಾಗಿ ಮೇಲಕ್ಕೆ ಓಡುತ್ತಿತ್ತು. ಅದರ ಕೆಳಗೆ ಬೂದುಬಣ್ಣದ ಬಂಡೆಗಳು. ಇನ್ನೇನೂ ಇಲ್ಲ.

"ಹಿಮದ ಚಿರತೆ. ಬಂಡೆ ಪಕ್ಕ ನಿಂತು ನಮ್ಮನ್ನೇ ನೋಡ್ತು. ನೋಡಿದ್ರಾ ಟೀಚರ್?"

ಯಾರನ್ನೂ ಏನನ್ನೂ ಬೇಡದ ಮನುಷ್ಯ ಅವರು. ಆ ಹೊತ್ತು ಅವರ ಮುಖದಲ್ಲಿ ಬೇಡಿಕೆಯಿತ್ತು. ಫೋನು ನನ್ನ ಚೀಲದಲ್ಲಿ ಚಳಿಗೆ ಸತ್ತುಬಿದ್ದಿತ್ತು. ಸುತ್ತ ಬೇರೆ ಯಾರೂ ಇರಲಿಲ್ಲ. ಇಲ್ಲವೆನ್ನಲು ನನಗೆ ಮನಸ್ಸು ಬರಲಿಲ್ಲ.

"ಹ್ಞೂ, ನೋಡಿದೆ" ಎಂದೆ.

ಬಿದ್ದ ಪೆನ್ಸಿಲನ್ನು ಹೆಕ್ಕಿಕೊಂಡು ಅವರು ಹೊಸ ಪುಟ ತೆಗೆದು ಬರೆದರು. ಮೊದಲ ಸಾಕ್ಷಿಯ ಸಾಲಿನಲ್ಲಿ ನಾನು ಸಹಿ ಮಾಡಿದೆ. ಇಷ್ಟು ಸಣ್ಣ ಸುಳ್ಳಿಗೆ ಇಷ್ಟು ದೊಡ್ಡ ಸಂತೋಷವಾದರೆ ತಪ್ಪೇನು ಎಂದುಕೊಂಡೆ.

ಹಿಮನದಿ ನಾನು ಅಂದುಕೊಂಡಂತೆ ಬೆಳ್ಳಗಿರಲಿಲ್ಲ. ಮಣ್ಣು, ಕಲ್ಲು ಮೆತ್ತಿಕೊಂಡ ಕೊಳಕು ಗೋಡೆ, ಬುಡದಲ್ಲಿ ಬಿರುಕು, ಅದರಿಂದ ಬೂದಿ ಬಣ್ಣದ ನೀರು. ತೀರಾ ಹತ್ತಿರ ಬಿಡುವುದಿಲ್ಲ. ಆದರೆ ದಾರಿಯಲ್ಲಿ, ಮಂಜು ಹಿಂದೆ ಎಲ್ಲಿಯವರೆಗೆ ಇತ್ತೆಂದು ಬಂಡೆಗಳ ಮೇಲೆ ಗುರುತು ಬರೆದಿದ್ದಾರೆ. ಸಾಹೇಬರು ಒಂದು ಗುರುತಿನಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸುತ್ತ ನಡೆದರು. "ನಿಜ ಕಣ್ರೀ. ಹಿಂದಕ್ಕೇ ಹೋಗೈತೆ" ಎಂದರು. ಒಬ್ಬರು ಬರೆದಿಟ್ಟದ್ದನ್ನು ಅವರು ಒಪ್ಪಿದ್ದು ನನ್ನ ಲೆಕ್ಕದಲ್ಲಿ ಅದೇ ಮೊದಲು. ನನ್ನ ಪಕ್ಕದ ಕಲ್ಲಿನ ಮೇಲೆ ಕೂತರು. ಕಡಲೆಬೀಜ ಹಂಚಿಕೊಂಡು ತಿಂದೆವು. ಸುಮ್ಮನೆ ಮಾತಿಗೆಂಬಂತೆ ಕೇಳಿದರು.

"ಅದ್ರ ಬಾಲ ಎತ್ಕೊಂಡಿತ್ತಾ, ಇಳಿಬಿಟ್ಟಿತ್ತಾ ಟೀಚರ್?"

"ಎತ್ಕೊಂಡಿತ್ತು" ಎಂದೆ.

ಅವರು ತಿನ್ನುವುದನ್ನು ನಿಲ್ಲಿಸಿದರು. "ಬಾಲ ಕಾಣ್ಲೇ ಇಲ್ಲ ಟೀಚರ್. ಬಂಡೆ ಮರೇಲಿತ್ತು."

ಪುಸ್ತಕ ತೆಗೆದು, ನನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಮ್ಮ ಚಿಕ್ಕ ರುಜು ಹಾಕಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಪರೀಕ್ಷೆ ಮಾಡಿದರಲ್ಲ ಎಂದು ನನಗೆ ಸಿಟ್ಟು ಬಂತು. ಸಿಟ್ಟಿನ ಒಳಗೆ ಅವಮಾನವಿತ್ತು.

ವಾಪಸು ಬರುವಾಗ, ಭೂರ್ಜ ಮರಗಳ ಹತ್ತಿರ, ಅವರಾಗಿಯೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸತು. ಶಿವನಿಯ ಕಡೆ ಒಬ್ಬ ವಿಧವೆಯ ಬಾವಿ ಯಾರ ಎಲ್ಲೆಯಲ್ಲಿದೆ ಎಂದು ಮಹಜರು ಮಾಡಬೇಕಿತ್ತು. ಇವರಿಗೆ ಜ್ವರ, ಮೇಲೆ ಜಡಿಮಳೆ. ಇಬ್ಬರು ಸಾಕ್ಷಿಗಳು "ಪಾಪ ಸಾಹೇಬ್ರು ಕೆಸರಲ್ಲಿ ಯಾಕೆ ಬರ್ಬೇಕು, ಬಾವಿ ಬೇಲಿ ಆಚೆಗೈತೆ, ನಾವೇ ನೋಡಿದೀವಿ" ಎಂದು ಸ್ಟೇಷನ್ ಎದುರಿನ ಹೋಟೆಲಿನಲ್ಲೇ ಸಹಿ ಹಾಕಿಕೊಟ್ಟರು. ಇಬ್ಬರೂ ನೋಡಿರಲಿಲ್ಲ. ಇವರೂ ಹೋಗದೆ ಬರೆದರು. ಬಾವಿ ಪಕ್ಕದವನ ಪಾಲಾಯಿತು.

"ಅವ್ರು ಕೆಟ್ಟೋರಲ್ಲ ಟೀಚರ್. ನನ್ ಮೇಲಿನ ಕನಿಕರಕ್ಕೆ ಹಾಕಿದ್ರು. ಕೆಟ್ಟೋರು ಸುಳ್ಳು ಹೇಳಿದ್ರೆ ಹಿಡೀಬೋದು. ಒಳ್ಳೇರು ಹೇಳಿದ್ರೆ ಹೆಂಗ್ ಹಿಡಿಯೋದು? ಆಯಮ್ಮ ಆಮೇಲೆ ಎಲ್ಲಿಂದ ನೀರು ಹೊತ್ತಳೋ, ನಾನ್ ಹೋಗಿ ನೋಡ್ಲಿಲ್ಲ."

ನಾನು ತಪ್ಪಾಯಿತು ಎನ್ನಬೇಕಿತ್ತು. ಅನ್ನಲಿಲ್ಲ.

ಊರಿಗೆ ಬಂದ ಮೇಲೆ ಕಥೆ ಹರಡಿತು. ಮಂಡಿ ಯಜಮಾನರಿಗೆ ಹೇಳಿ ನಗಲು ಒಂದು ವಿಷಯ ಸಿಕ್ಕಿತು: "ಜಗತ್ತಲ್ಲಿ ಯಾರನ್ನೂ ನಂಬದ ಸಾಹೇಬ್ರು, ಯಾರೂ ನೋಡದ ಚಿರತೆ ನೋಡ್ಕೊಂಡ್ ಬಂದ್ಬಿಟ್ರು ಕಣಪ್ಪಾ!" ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರಾದರೂ ಬೆಕ್ಕು ಕಂಡರೆ "ಸಾಹೇಬ್ರೇ, ಮಹಜರು ಬರೀರಿ" ಎನ್ನುತ್ತಿದ್ದರು. ವಾಟ್ಸಾಪಿನಲ್ಲಿ ಊರೊಳಗೆ ಚಿರತೆ ಬಂದಿದೆಯೆಂದು ಬಂದ ಫೋಟೋವನ್ನು ನೋಡಿ, "ಇದು ನಮ್ಮೂರ ಗೋಡೆ ಅಲ್ಲ" ಎಂದು ಹಿಂದೊಮ್ಮೆ ಎಲ್ಲರ ಭಯ ಬಿಡಿಸಿದ್ದವರೂ ಅವರೇ ಎಂಬುದು ಯಾರಿಗೂ ನೆನಪಿರಲಿಲ್ಲ. ನನ್ನನ್ನೂ ಕೇಳುತ್ತಿದ್ದರು: "ನೀವ್ ಜೊತೇಲಿದ್ರಲ್ಲ ಟೀಚರ್, ಇತ್ತಾ?"

"ನಾನ್ ನೋಡ್ಲಿಲ್ಲಪ್ಪ" ಎನ್ನುತ್ತಿದ್ದೆ. ಸತ್ಯವೇ. ಆದರೆ ಹೇಳುವಾಗ ಒಂದು ನಗು ಸೇರಿಸುತ್ತಿದ್ದೆ. ಆ ನಗುವಿನಿಂದ ಕೇಳಿದವರಿಗೆಲ್ಲ, ಚಿರತೆ ಇರಲೇ ಇಲ್ಲ ಎಂಬ ಅರ್ಥ ಸಿಗುತ್ತಿತ್ತು. ಅಡ್ಡಗೆರೆಯ ಸಿಟ್ಟನ್ನು ನಾನು ಹೀಗೆ ತೀರಿಸಿಕೊಂಡೆ. ಈಗ ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವರಿಗೆ ಇದು ಗೊತ್ತಿತ್ತೋ ಇಲ್ಲವೋ. ಹೂವು ಸಿಕ್ಕರೆ ಮೊದಲಿನಂತೆಯೇ ಕರೆ ಬರುತ್ತಿತ್ತು. ನಾನು ಬರೆದುಕೊಡುತ್ತಿದ್ದೆ. ಆಮೇಲೆ ಅವರು ಪುಸ್ತಕ ತೆಗೆದುಕೊಂಡು ಹೋಗಿ ಚಹದಂಗಡಿಯವನನ್ನೋ ಹುಲ್ಲಿನ ಹೊರೆ ಹೊತ್ತವಳನ್ನೋ ಕರೆತಂದು ಸಹಿ ಹಾಕಿಸುತ್ತಿದ್ದರು. ನಕ್ಷೆಗೆ ಕರೆದರು, ಸಹಿಗೆ ಮತ್ತೆಂದೂ ಕರೆಯಲಿಲ್ಲ. ಎರಡು ವರ್ಷ ಹೀಗೇ ಕಳೆಯಿತು.

ಅವರು ತೀರಿಕೊಂಡ ಮೇಲೆ, ಶಿವಗಣಾರಾಧನೆಯ ದಿನ ಪ್ರಸಾದ ಮುಗಿಸಿ ಹೊರಟವಳನ್ನು ಅವರ ಹೆಂಡತಿ ಒಳಕೋಣೆಗೆ ಕರೆದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಮಂಚದ ಮೇಲೆ ಆ ಉದ್ದನೆಯ ರಟ್ಟಿನ ಪುಸ್ತಕ. ಗಂಗೋತ್ರಿಯ ಪುಟಕ್ಕೆ ಒಂದು ದಾರ ಇಟ್ಟಿದ್ದರು.

"ಟೀಚರ್, ಒಂದ್ ಮಾತು ಕೇಳ್ತೀನಿ. ನಿಜ ಹೇಳ್ಬೇಕು. ಸಾಯೋ ಮುಂಚೆನೂ ಅದನ್ನೇ ಅಂದ್ರು, ನಾನ್ ನೋಡಿದ್ದು ನಿಜ ಕಣೇ ಅಂತ. ಊರೆಲ್ಲ ನಗ್ತು. ನೋಡಿದ್ರಾ ಅವ್ರು?"

ಪುಟದಲ್ಲಿ ನನ್ನ ಸಹಿ, ಅದರ ಮೇಲೆ ಅಡ್ಡಗೆರೆ. ಎರಡನೇ ಸಾಕ್ಷಿಯ ಸಾಲು ಖಾಲಿ. ಹೌದು, ನೋಡಿದರು, ನಾನೂ ನೋಡಿದೆ ಎಂದುಬಿಟ್ಟರೆ ಆ ತಾಯಿಗೆ ಅವತ್ತು ನಿದ್ದೆ ಬರುತ್ತಿತ್ತು. ಅದೇ ಮಾತು ಮತ್ತೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಅಕ್ಕಾ, ನಾನು ಚಿರತೆ ನೋಡ್ಲಿಲ್ಲ. ಅವರಿಗೆ ಏನೋ ಆಯ್ತು ಅಂತ ಹೆದರಿ ಅವರ ಮುಖ ನೋಡ್ತಿದ್ದೆ. ಅವರು ಏನನ್ನೋ ನೋಡ್ತಿದ್ದದ್ದನ್ನ ಮಾತ್ರ ನಾನು ನೋಡಿದೆ. ಸುಮ್ಮನೆ ಬಂಡೆ ನೋಡೋ ಮುಖ ಅಲ್ಲ ಅದು."

ಅವರು ನನ್ನನ್ನು ದಿಟ್ಟಿಸಿದರು. ನಲವತ್ತು ವರ್ಷ ಆ ಮನುಷ್ಯನ ಜೊತೆ ಬಾಳಿದ ಹೆಂಗಸು.

"ಆವಾಗ ಟೋಪಿ ತಲೇ ಮೇಲಿತ್ತಾ ಟೀಚರ್?"

"ಇಲ್ಲ. ತೆಗೆದು ಎದೆಗೆ ಒತ್ಕೊಂಡಿದ್ರು. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಟೋಪಿ. ಪೆನ್ಸಿಲು ಕೆಳಗೆ ಬಿದ್ದಿತ್ತು. ಕಣ್ಣಲ್ಲಿ ನೀರಿತ್ತು."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನನ್ಗೂ ಅಂಗೇ ಅಂದಿದ್ರು. ಗುಡಿ ಬಾಗ್ಲಾಗೆ ತೆಗ್ಯೋ ಹಂಗೆ ತೆಗ್ದೆ ಕಣೇ, ಯಾರ್ಗೂ ಹೇಳ್ಬ್ಯಾಡ, ಅದಕ್ಕೂ ನಗ್ತಾರೆ ಅಂದಿದ್ರು. ನಾನು ಯಾರ್ಗೂ ಹೇಳಿರ್ಲಿಲ್ಲ."

ಪೆನ್ನು ಕೇಳಿ ತೆಗೆದುಕೊಂಡೆ. ಅಡ್ಡಗೆರೆ ಎಳೆದ ಸಹಿಯ ಕೆಳಗೆ, ಜಾಗ ಬಿಟ್ಟು, ಬರೆದೆ: 'ಮೇಲ್ಕಂಡ ಪ್ರಾಣಿಯನ್ನು ನಾನು ನೋಡಿರುವುದಿಲ್ಲ. ಅದನ್ನು ನೋಡುತ್ತಿದ್ದ ಇವರನ್ನು ಒಂದು ಮೊಳ ದೂರದಿಂದ, ಖುದ್ದು ಸ್ಥಳದಲ್ಲಿದ್ದು ನೋಡಿರುತ್ತೇನೆ. ಇವರ ಮಾತನ್ನು ನಂಬಿರುತ್ತೇನೆ. ಇದನ್ನು ಅವರು ಇರುವಾಗಲೇ ಹೇಳದೆ ಇದ್ದದ್ದು ನನ್ನ ತಪ್ಪು.' ಸಹಿ ಮಾಡಿದೆ. ಎರಡು ವರ್ಷದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಸ್ವಲ್ಪ ಕದಲಿತು.

ಅಕ್ಕ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ಎರಡು ಸಲ ಓದಿದರು. ತಲೆಯಾಡಿಸಿದರು. ಎರಡನೇ ಸಾಕ್ಷಿಯ ಸಾಲು ಇನ್ನೂ ಖಾಲಿಯಿತ್ತು. ಅವರು ಹೇಳಿದ್ದೂ ನಾನು ಹೇಳಿದ್ದೂ ತಾಳೆಯಾಯಿತಲ್ಲ, ಇನ್ನೇನು ಬೇಕು ಎನ್ನಿಸಿ, ಆ ಸಾಲು ತೋರಿಸಿ ಪೆನ್ನನ್ನು ಅವರ ಕಡೆ ಚಾಚಿದೆ.

ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಬ್ಯಾಡ ಟೀಚರ್. ನಾನ್ ಸ್ಥಳದಾಗಿರ್ಲಿಲ್ಲ" ಎಂದರು. "ಹಾಕಿದ್ರೆ ಅದನ್ನೂ ಅವ್ರು ಗೆರೆ ಎಳ್ದು ಹೊಡ್ದಾಕ್ತಾರೆ."